ಸೈಟಣ್ಣನಿಗೆ ಲೈಬ್ರರಿಗೆ ವರ್ಗವಾದದ್ದು

ಸೈಟಣ್ಣ ಸೈಟು ಮಾರುವವನಲ್ಲ. ಕೊಳ್ಳುವ ಯೋಗವಂತೂ ಅವನ ಹಣೆಯಲ್ಲಿ ಬರೆದೇ ಇರಲಿಲ್ಲ. ಆ ಕಟ್ಟಡಕ್ಕೆ ಬಾಡಿಗೆಗೆ ಬಂದ ಹೊಸತರಲ್ಲಿ, ಕೆಳಗಡೆ ಅಂಗಡಿ ಇಟ್ಟಿದ್ದ ಟೈಲರ್ "ಏನು ಕೆಲಸ ತಮ್ಮದು?" ಎಂದು ಕೇಳಿದ್ದಕ್ಕೆ "ಆಫೀಸಿನ ಸೈಟ್ ನೋಡ್ಕೋತೀನಿ" ಎಂದುಬಿಟ್ಟಿದ್ದ. ಅಷ್ಟು ಸಾಕಾಯಿತು. ಸಂಜೆಯೊಳಗೆ ಮೇಲಿನ ಮನೆಗೆ ಸೈಟು ವ್ಯಾಪಾರದವರು ಬಂದಿದ್ದಾರೆ ಎಂದು ಬೀದಿಗೆಲ್ಲ ಸುದ್ದಿ. ಒಂದು ವಾರ ಎಲ್ಲರೂ ನಕ್ಕು ಮಾತಾಡಿಸಿದರು. ಮೂಲೆ ಸೈಟು ಇದೆಯಾ, ರಸ್ತೆ ಅಗಲ ಇದೆಯಾ, ಬೋರು ಹಾಕಿದರೆ ನೀರು ಬರುತ್ತಾ ಎಂದು ವಿಚಾರಿಸಿದರು. ಅವನ ಸೈಟು ಇರುವುದು ಕಂಪ್ಯೂಟರಿನ ಒಳಗೆ, ಅದರ ಮೇಲೆ ದನದ ಕೊಟ್ಟಿಗೆಯನ್ನೂ ಕಟ್ಟಲಿಕ್ಕಾಗುವುದಿಲ್ಲ ಎಂದು ಗೊತ್ತಾದ ಮೇಲೆ ನಗು ನಿಂತಿತು. ಹೆಸರು ಮಾತ್ರ ಅಂಟಿಕೊಂಡಿತು.

ಆಮೇಲೆ ವರ್ಷಗಳು ಉರುಳಿದವು. ಮದುವೆ ಯಾಕಾಗಲಿಲ್ಲ ಎಂದು ಜನ ಕೇಳಿದಾಗೆಲ್ಲ ಸೈಟಣ್ಣನಿಗೆ ಬೇಜಾರಾಗುತ್ತಿತ್ತು. ಈಗೀಗ ಯಾರೂ ಕೇಳುತ್ತಿರಲಿಲ್ಲ. ಅದು ಇನ್ನೂ ಬೇಜಾರು. ಬೆಳಿಗ್ಗೆ ಬೀಗ ಹಾಕುವುದು, ಸಂಜೆ ಬೀಗ ತೆಗೆಯುವುದು. ಆ ಬೀಗವೊಂದೇ ದಿನಕ್ಕೆರಡು ಸಲ ತಪ್ಪದೆ ಅವನ ಕೈ ಹಿಡಿಯುತ್ತಿತ್ತು.

ಅವನ ಕಚೇರಿ ಎಂದರೆ ಊರಿನ ಬಸ್ಸುಗಳಲ್ಲಿ ಜನ ಮರೆತು ಬಿಟ್ಟುಹೋದ ವಸ್ತುಗಳನ್ನು ಇಟ್ಟುಕೊಳ್ಳುವ ಕಚೇರಿ. ಗೋಡೆಯುದ್ದಕ್ಕೂ ಕಬ್ಬಿಣದ ರ‍್ಯಾಕುಗಳು. ಅದರ ತುಂಬ ಕೊಡೆ, ಊಟದ ಡಬ್ಬಿ, ಕನ್ನಡಕ, ಒಂಟಿ ಚಪ್ಪಲಿ. ಒಂದು ಸಲ ಯಾರೋ ಹಲ್ಲಿನ ಸೆಟ್ಟನ್ನೇ ಬಿಟ್ಟು ಇಳಿದುಹೋಗಿದ್ದರು. ಇವುಗಳ ಫೋಟೊ ತೆಗೆದು ಸೈಟಿಗೆ ಹಾಕುವುದು ಸೈಟಣ್ಣನ ಕೆಲಸ. ಕಳೆದುಕೊಂಡವರು ಒಂದೊಂದೇ ಪುಟ ನೋಡುತ್ತ ಬಂದು, ತಮ್ಮ ವಸ್ತು ಕಂಡ ತಕ್ಷಣ 'ಇದು ನನ್ನದು' ಎಂಬ ಗುಂಡಿ ಒತ್ತಿದರೆ ಆಯಿತು, ಬಂದು ತೆಗೆದುಕೊಂಡು ಹೋಗಬಹುದು. ಜನ ಬರುತ್ತಿದ್ದರು, ಕೊಡೆ ಸಿಕ್ಕಿತೆಂದು ಕೊಡೆಯನ್ನು ಸವರುತ್ತಿದ್ದರು, ಹೋಗುತ್ತಿದ್ದರು. ಸೈಟು ಚೆನ್ನಾಗಿದೆ ಎಂದು ಒಬ್ಬ ನರಪಿಳ್ಳೆಯೂ ಹೇಳಿರಲಿಲ್ಲ.

ಮನುಷ್ಯ ಎಷ್ಟು ದಿನ ತಡೆದಾನು? ಒಂದು ದಿನ ಸೈಟಣ್ಣ ಯಾವುದೋ ದೊಡ್ಡ ಹೋಟೆಲಿನ ಸೈಟು ನೋಡಿದ. ಅಲ್ಲಿ ಒಂದು ಪುಟದಿಂದ ಇನ್ನೊಂದಕ್ಕೆ ಹೋದರೆ ಹಳೆಯ ಪುಟ ನಾಟಕದ ಪರದೆಯ ಹಾಗೆ ಸರ್ರನೆ ಸರಿದು ಹೋಗುತ್ತಿತ್ತು, ಹೊಸದು ಮದುವಣಗಿತ್ತಿಯ ಹಾಗೆ ಮೆಲ್ಲಗೆ ಬಂದು ನಿಲ್ಲುತ್ತಿತ್ತು. ಇವನಿಗೂ ಆಸೆಯಾಯಿತು. ಇಂಥ ಕುಣಿತಗಳನ್ನೆಲ್ಲ ಯಾರೋ ಪುಣ್ಯಾತ್ಮರು ಮೊದಲೇ ಬರೆದು ಗಂಟು ಕಟ್ಟಿ ಇಟ್ಟಿರುತ್ತಾರೆ. ಬೇಕಾದವರು ತಂದು ತಮ್ಮ ಸೈಟಿಗೆ ಸೇರಿಸಿಕೊಂಡರಾಯಿತು. ಆ ಗಂಟಿಗೆ ಕಂಪ್ಯೂಟರಿನವರು ಲೈಬ್ರರಿ ಎನ್ನುತ್ತಾರೆ. ಅಲ್ಲಿ ಪುಸ್ತಕವೂ ಇರುವುದಿಲ್ಲ, 'ಸದ್ದು ಮಾಡಬೇಡಿ' ಎಂಬ ಬೋರ್ಡೂ ಇರುವುದಿಲ್ಲ. ಒಂದು ಪುಟ ಹೋಗಿ ಇನ್ನೊಂದು ಬರುವ ನಡುವಿನ ಕುಣಿತಕ್ಕೆ ಟ್ರಾನ್ಸಿಷನ್ ಎಂದು ಹೆಸರು. ಸೈಟಣ್ಣ ಒಂದು ಅನಿಮೇಷನ್ ಲೈಬ್ರರಿಯನ್ನು ತಂದು ಪುಟಗಳ ತಲೆಗೆ ಕಟ್ಟಿದ. ಕಟ್ಟಿದ್ದು ಭದ್ರವಾಯಿತೋ ಇಲ್ಲವೋ ಎಂಬ ಅನುಮಾನ ಬಂದು ಬುಡಕ್ಕೂ ಇನ್ನೊಂದು ಸಲ ಕಟ್ಟಿದ. ಬೀಗ ಹಾಕಿದ ಮೇಲೂ ನಾಲ್ಕು ಸಲ ಜಗ್ಗಿ ನೋಡುವವರ ಜಾತಿ ಅವನದು.

ಆಹಾ, ಅದರ ಚಂದವೇ! ಕೊಡೆಯ ಪುಟ ಗಿರ್ರನೆ ತಿರುಗಿ ಎಡಗಡೆ ಹಾರಿತು, ಡಬ್ಬಿಯ ಪುಟ ಬಲಗಡೆಯಿಂದ ತೇಲಿ ಬಂತು. ಎಲ್ಲರೂ ಮನೆಗೆ ಹೋದ ಮೇಲೆ ಸೈಟಣ್ಣ ಒಬ್ಬನೇ ಕೂತು ಕೊಡೆ ಹಾರಿಸಿದ, ಡಬ್ಬಿ ತೇಲಿಸಿದ. ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ "ನೋಡಿ, ನೋಡಿ" ಎನ್ನಬಹುದಿತ್ತು. ಇರಲಿಲ್ಲವಾದ್ದರಿಂದ ತಾನೇ ಒಂದು ಸಲ "ಭೇಷ್" ಎಂದುಕೊಂಡು ದೀಪ ಆರಿಸಿದ.

ಭೇಷ್ ಎಂದವನು ಅವನೊಬ್ಬನೇ. ಮರುದಿನದಿಂದ ದೂರುಗಳ ಸುರಿಮಳೆ. ಒಬ್ಬ ಅಜ್ಜಿಗೆ ಪುಟ ನೋಡುತ್ತ ನೋಡುತ್ತ ತಲೆ ಸುತ್ತಿ ಸೋಫಾ ಹಿಡಿದುಕೊಳ್ಳಬೇಕಾಯಿತು. ಒಬ್ಬರು ತಮ್ಮ ಕೊಡೆ ಕಂಡಿತೆಂದು 'ಇದು ನನ್ನದು' ಒತ್ತುವಷ್ಟರಲ್ಲಿ ಪುಟ ಹಾರಿಹೋಗಿ, ಅವರ ಬೆರಳ ಕೆಳಗೆ ಹಲ್ಲಿನ ಸೆಟ್ಟು ಬಂದು ನಿಂತಿತು. ಅವರು ಕಚೇರಿಗೆ ಬಂದು ಬಾಯಿ ಅಗಲಿಸಿ, "ನೋಡ್ರೀ, ಎಲ್ಲಾ ಹಲ್ಲು ಗಟ್ಟಿಯಾಗಿವೆ. ನನಗ್ಯಾಕ್ರೀ ಇನ್ನೊಬ್ಬರ ಹಲ್ಲು?" ಎಂದು ಎಲ್ಲರೆದುರು ಕೂಗಾಡಿದರು.

ಸಾಹೇಬರು ಸೈಟಣ್ಣನನ್ನು ಒಳಗೆ ಕರೆದರು.

"ಏನಪ್ಪಾ ಇದು? ಕಳೆದುಹೋಗಿದ್ದನ್ನ ಹುಡುಕಿಕೊಡೋ ಕಚೇರಿ ಇದು. ಸಿಕ್ಕಿದ್ದನ್ನ ಮತ್ತೆ ಕಳೆಯೋ ಕಚೇರಿ ಅಲ್ಲ."

"ಸಾರ್, ಅದು ಟ್ರಾನ್ಸಿಷನ್ ಸಾರ್..."

"ಅದೇನಾದ್ರೂ ಆಗಿರ್ಲಿ. ತೆಗೆದುಹಾಕು. ಇದು ನನ್ನ ಆರ್ಡರ್."

ಸೈಟಣ್ಣ ಆ ಲೈಬ್ರರಿಯ ಸೆಟ್ಟಿಂಗುಗಳಲ್ಲಿ 'ಪುಟಗಳ ನಡುವೆ ಟ್ರಾನ್ಸಿಷನ್ ಬೇಕೆ?' ಎಂಬಲ್ಲಿ 'ಬೇಡ' ಎಂದು ಬದಲಾಯಿಸಿದ. ಕೊಡೆ ಮತ್ತೆ ಹಾರಿತು. ಇನ್ನೊಮ್ಮೆ 'ಬೇಡ' ಎಂದ. ಡಬ್ಬಿ ಮತ್ತೆ ತೇಲಿ ಬಂತು. ತಾನೇ ಕರೆತಂದ ನೆಂಟ ಹೋಗು ಎಂದರೂ ಹೋಗದೆ ಕೂತ ಹಾಗಾಯಿತು. ಬುಡಕ್ಕೆ ಇನ್ನೊಂದು ಗಂಟು ಕಟ್ಟಿದ್ದು ಅವನಿಗೆ ಮರೆತೇ ಹೋಗಿತ್ತು.

ಆ ಸಂಜೆ ಮನೆಗೆ ಬಂದು, ಕಂಪ್ಯೂಟರ್ ಕಂಪನಿಯ ಸಹಾಯದ ನಂಬರಿಗೆ ಫೋನು ಹಚ್ಚಿದ. ಅವನ ಮನೆಯೊಳಗೆ ಸಿಗ್ನಲ್ಲು ಬರುತ್ತಿರಲಿಲ್ಲ. ಬಾಲ್ಕನಿಯ ಮೂಲೆಯಲ್ಲಿ ನಿಂತು, ಒಂದು ಕಾಲು ಎತ್ತಿ, ಕಟ್ಟೆಯ ಮೇಲೆ ಬಾಗಿ ಕೂಗಿದರೆ ಮಾತ್ರ ಆ ಕಡೆಯವರಿಗೆ ಕೇಳುತ್ತಿತ್ತು. ಬೀದಿಗೂ ಕೇಳುತ್ತಿತ್ತು.

"ಹಲೋ! ಲೈಬ್ರರಿ! ಲೈಬ್ರರಿ ಟ್ರಾನ್ಸಿಷನ್! ಹೌದು, ಸಾಹೇಬ್ರ ಆರ್ಡರ್ ಆಗಿದೆ! ಕ್ಯಾನ್ಸಲ್ ಮಾಡೋಕೆ ಆಗ್ತಾನೇ ಇಲ್ಲ ಸಾರ್! ಹಳೇದು ಹೋಗೋಕ್ಕೆ ಮುಂಚೇನೇ ಹೊಸದು ಬಂದು ಕೂತ್ಬಿಡುತ್ತೆ! ನನ್ನ ಕಥೆ ಮುಗೀತು ಸಾರ್!"

ಆ ಕಡೆಯಿಂದ ಒಂದು ಹೆಣ್ಣುದನಿ, ದಯವಿಟ್ಟು ಕಾಯಿರಿ ಎಂದು ಹೇಳಿ ಸಂಗೀತ ಹಾಕಿತು. ಈ ಕಡೆ ಕೆಳಗಡೆ ಟೈಲರನ ಹೊಲಿಗೆ ಯಂತ್ರ ಟಕ್ಕೆಂದು ನಿಂತಿತು.

ಯಂತ್ರ ನಿಂತರೆ ಟೈಲರನ ನಾಲಿಗೆ ಓಡುತ್ತದೆ ಎಂಬುದು ಆ ಬೀದಿಯ ನಿಯಮ. ಬೆಳಿಗ್ಗೆ ಸೈಟಣ್ಣ ಮೆಟ್ಟಿಲಿಳಿದು ಬರುವಷ್ಟರಲ್ಲಿ ಟೈಲರ್ ಕೊರಳಲ್ಲಿ ಟೇಪು ಹಾಕಿಕೊಂಡು ಅಡ್ಡ ನಿಂತಿದ್ದ.

"ಏನ್ ಸೈಟಣ್ಣ, ನಮಗೊಂದು ಮಾತು ಹೇಳಲಿಲ್ಲ? ಲೈಬ್ರರಿಗೆ ಟ್ರಾನ್ಸ್‌ಫರ್ ಆಯ್ತಂತೆ?"

"ಅಯ್ಯೋ ಟ್ರಾನ್ಸ್‌ಫರ್ ಅಲ್ಲಪ್ಪ, ಟ್ರಾನ್ಸಿಷನ್."

"ಅದೇ ಅದೇ. ಇಂಗ್ಲಿಷಲ್ಲಿ ಏನಂದ್ರೂ ಗಂಟು ಮೂಟೆ ಕಟ್ಟೋದು ಕನ್ನಡದಲ್ಲೇ ತಾನೇ?"

ಬಸ್ಸಿಗೆ ಹೊತ್ತಾಗಿತ್ತು. ಸಂಜೆ ಬಿಡಿಸಿ ಹೇಳಿದರಾಯಿತು ಎಂದುಕೊಂಡು ಸೈಟಣ್ಣ ಓಡಿದ. ಸಂಜೆ ಬಂದಾಗ ಬಾಗಿಲ ಮುಂದೆ ಎದುರುಮನೆಯ ಮೇಷ್ಟ್ರಮ್ಮ ಮುಚ್ಚಿದ ತಟ್ಟೆ ಹಿಡಿದು ನಿಂತಿದ್ದರು. ಎದುರುಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಮೇಷ್ಟ್ರು ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ಸೈಟಣ್ಣನಿಗೂ ಅವರಿಗೂ ಇದ್ದ ವ್ಯವಹಾರವೆಂದರೆ ಮೆಟ್ಟಿಲ ಮೇಲೆ ಎದುರಾದಾಗ ಒಬ್ಬರಿಗೊಬ್ಬರು ಗೋಡೆಗೆ ಒರಗಿ ದಾರಿ ಬಿಡುವುದು, ಅಷ್ಟೇ.

"ತಗೋಪ್ಪಾ, ಬಿಸಿ ಇದೆ," ಎಂದರು ಮೇಷ್ಟ್ರಮ್ಮ. "ಒಬ್ಬನೇ ಇದ್ದೀಯ ಅಂತ ಗೊತ್ತಿತ್ತು. ಕೇಳಿದ್ರೆ ಏನಂದ್ಕೋತೀಯೋ ಅಂತ ಸುಮ್ಮನಿದ್ದೆ. ಹೋಗೋ ಹೊತ್ತಿಗಾದ್ರೂ ಒಂದು ತುತ್ತು ಹಾಕದೆ ಇದ್ರೆ ಮನುಷ್ಯರಾ ನಾವು? ಹೋಗೋದು ಖಾಯಂ ಆಯ್ತಾ?"

ತಟ್ಟೆಯಿಂದ ಹಬೆ ಏಳುತ್ತಿತ್ತು. ಸೈಟಣ್ಣನ ಬಾಯಲ್ಲಿ 'ಅದು ಹಾಗಲ್ಲಮ್ಮಾ' ಎಂಬ ಮಾತು ಸಿದ್ಧವಾಗಿತ್ತು. ಆದರೆ ಇನ್ನೊಬ್ಬರು ಬಡಿಸಿದ ಅನ್ನ ಕಂಡು ಯಾವ ಕಾಲವಾಗಿತ್ತೋ! ಆ ಮಾತು ಗಂಟಲಲ್ಲೇ ತಡೆದು, ಬದಲಿಗೆ "ಹೂಂ" ಎಂಬುದೊಂದು ಹೊರಗೆ ಬಂತು. ಲೋಕದಲ್ಲಿ ದೊಡ್ಡ ದೊಡ್ಡ ಸುಳ್ಳು ಹೇಳಿ ದಕ್ಕಿಸಿಕೊಂಡವರಿದ್ದಾರೆ. ನಮ್ಮ ಸೈಟಣ್ಣ ಕೆಟ್ಟದ್ದು ಒಂದು ಹೂಂಕಾರದಿಂದ.

ಆ ಹೂಂ ಮೆಟ್ಟಿಲಿಳಿದು ಬೀದಿ ತಿರುಗಿ ಬರುವಷ್ಟರಲ್ಲಿ ಅದಕ್ಕೆ ಕೈಕಾಲು ಮೂಡಿತ್ತು. ಕಂಪ್ಯೂಟರಿನ ಕೆಲಸದವನನ್ನು ಲೈಬ್ರರಿಗೆ ಯಾಕೆ ಹಾಕಿದರು? ಏನೋ ತಪ್ಪು ಮಾಡಿರಬೇಕು. ಏನು ತಪ್ಪು?

"ಕೊಡೆ ನುಂಗಿದಾನಂತೆ," ಎಂದ ಟೈಲರ್, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

"ಕೊಡೆ ನುಂಗೋದು ಹೇಗೋ?" ಎಂದರು ಮನೆ ಮಾಲೀಕರು. "ಮುಚ್ಚಿದ್ದನ್ನೋ, ಬಿಚ್ಚಿದ್ದನ್ನೋ?"

"ಛೇ ಛೇ. ಸೈಟಣ್ಣ ಅಂಥವನಲ್ಲ," ಎಂದು ಮೇಷ್ಟ್ರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದರು. "ಯಾರೋ ದೊಡ್ಡವರು ನುಂಗಿ ಇವನ ಬಾಯಿಗೆ ಒರೆಸಿದಾರೆ."

ಹೀಗೆ ಒಂದು ದಿನದಲ್ಲಿ ಸೈಟಣ್ಣ ಅನ್ಯಾಯಕ್ಕೆ ಬಲಿಯಾದ ಸತ್ಯವಂತನಾದ. ದಿನವೂ ತಟ್ಟೆ ಬಂತು. ಟೈಲರ್ ಅವನ ಹಳೆಯ ಶರ್ಟುಗಳ ಕಾಲರ್ ತಿರುಗಿಸಿ ಹೊಲಿದುಕೊಟ್ಟು, "ಹೊಸ ಜಾಗ, ನೀಟಾಗಿರಬೇಕು" ಎಂದ. ಸಂಜೆ ಮೇಷ್ಟ್ರು ಬಂದು ಕುರ್ಚಿ ಎಳೆದುಕೊಂಡು, ಲೈಬ್ರರಿಯಲ್ಲಿ ಧೂಳಿನಿಂದ ಕೆಮ್ಮು ಬರದ ಹಾಗೆ ಏನು ಮಾಡಬೇಕು, ಸಮಯಕ್ಕೆ ಪುಸ್ತಕ ತಂದುಕೊಡದವರನ್ನು ಹೇಗೆ ಗದರಬೇಕು ಎಂದು ಪಾಠ ಮಾಡಿದರು. ಸೈಟಣ್ಣ ತಲೆಯಾಡಿಸಿದ. ಅವನ ಮನೆಯಲ್ಲಿ ಎರಡನೆಯ ಕುರ್ಚಿ ಇದ್ದದ್ದು ಒಗೆದ ಬಟ್ಟೆ ಹಾಕಲಿಕ್ಕೆ. ಅದರ ಮೇಲೆ ಮನುಷ್ಯರು ಕೂತದ್ದನ್ನು ಅವನು ಕಣ್ತುಂಬ ನೋಡಿದ.

ಆದರೂ ಮನಸ್ಸು ಚುಚ್ಚುತ್ತಿತ್ತು. ಬೇರೆ ಊರಿನಲ್ಲಿದ್ದ ಅಕ್ಕನಿಗೆ ಫೋನು ಮಾಡಿ ಎಲ್ಲ ಹೇಳಿಕೊಂಡ.

"ಅಕ್ಕಾ, ನಾನೊಂದು ಸುಳ್ಳು ಹೇಳಿದೀನಿ. ಟ್ರಾನ್ಸ್‌ಫರ್ ಆಗಿದೆ ಅಂತ."

"ಟ್ರಾನ್ಸ್‌ಫರ್ ಆಯ್ತಾ? ಪ್ರಮೋಷನ್ನೂ ಆಯ್ತೇನೋ?"

"ಆಗಿಲ್ಲ ಅಕ್ಕಾ, ಅದನ್ನೇ ಹೇಳ್ತಿರೋದು."

"ಪ್ರಮೋಷನ್ ಇಲ್ದೆ ಯಾಕೋ ಒಪ್ಕೊಂಡೆ? ನಿನ್ನಂಥ ಮೆತ್ತಗಿನವನಿಗೆ ಎಲ್ಲರೂ ಗುದ್ದೋರೇ. ಸರಿ, ಒಲೆ ಮೇಲೆ ಹಾಲಿಟ್ಟಿದೀನಿ, ಉಕ್ಕುತ್ತೆ. ಹೊಸ ವಿಳಾಸ ಕಳಿಸು."

ಹಾಲು ಉಕ್ಕಿತೋ ಇಲ್ಲವೋ, ಫೋನು ಕಟ್ಟಾಯಿತು.

ಅಷ್ಟರಲ್ಲಿ ಮನೆ ಮಾಲೀಕರು ಟೇಪು ಹಿಡಿದ ಒಬ್ಬ ಯುವಕನನ್ನೂ, ಹೊಸದಾಗಿ ಮದುವೆಯಾದ ಅವನ ಹೆಂಡತಿಯನ್ನೂ ಕರೆದುಕೊಂಡು ಬಂದರು. "ನೀವು ಹೆದರಬೇಡಿ, ಅವಸರ ಇಲ್ಲ. ಸುಮ್ಮನೆ ಮಂಚ ಹಿಡಿಯುತ್ತಾ ಅಂತ ನೋಡ್ತಾರೆ," ಎಂದರು. ಸೈಟಣ್ಣ ಮಲಗುವ ಜಾಗದಲ್ಲಿ ಯುವಕ ಟೇಪು ಹಾಸಿದ. ಮಂಚ ಹಿಡಿಯಿತು. ಅಡ್ವಾನ್ಸು ಅಲ್ಲೇ ಮೆಟ್ಟಿಲ ಮೇಲೆ ಕೈ ಬದಲಾಯಿತು. ನಾಳೆ ಹೇಳಿಬಿಡಬೇಕು, ಬೆಳಿಗ್ಗೆ ಎದ್ದವನೇ ಹೇಳಿಬಿಡಬೇಕು ಎಂದು ಸೈಟಣ್ಣ ನಿಶ್ಚಯಿಸಿದ. ಬೆಳಿಗ್ಗೆ ಎದ್ದರೆ ಬಾಗಿಲಲ್ಲಿ ಮತ್ತೆ ತಟ್ಟೆ.

ಇತ್ತ ಟೈಲರ್ ಮತ್ತು ಮೇಷ್ಟ್ರು ಒಂದು ಘನಕಾರ್ಯ ಕೈಗೊಂಡರು. ಸೈಟಣ್ಣನಿಗೆ ಹೇಳದೆ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ನೇರ ಕಚೇರಿಗೆ ಬಂದು ಸಾಹೇಬರೆದುರು ಕೂತರು. ಆಗ ಸೈಟಣ್ಣ ರ‍್ಯಾಕುಗಳ ಹಿಂದಿನ ತನ್ನ ಮೂಲೆಯಲ್ಲಿ, ಅಂತೂ ಇಂತೂ ಆ ಎರಡನೆಯ ಗಂಟನ್ನು ಕಂಡುಹಿಡಿದು ಕೂತಿದ್ದ. ಮೇಷ್ಟ್ರ ದನಿ ಕೇಳಿ ಅವನ ಕೈ ಅಲ್ಲೇ ನಿಂತಿತು. ಕೊಡೆಗಳ ಸಂದಿನಿಂದ ಇಣುಕಿದ.

"ಸಾಹೇಬ್ರೇ, ನಮ್ಮ ಸೈಟಣ್ಣನ ವಿಷಯ," ಎಂದು ಮೇಷ್ಟ್ರು ಶುರುಮಾಡಿದರು. "ಹೇಗಾದ್ರೂ ಮಾಡಿ ಅದನ್ನ ಕ್ಯಾನ್ಸಲ್ ಮಾಡಿಸ್ಬೇಕು."

ವಾರವಿಡೀ ದೂರು ಕೇಳಿ ಕೇಳಿ ಸಾಹೇಬರು ಹಣ್ಣಾಗಿದ್ದರು. ಇವರೂ ಅದೇ ಗಿರಾಕಿಗಳು ಎಂದುಕೊಂಡರು.

"ನಿಮಗೂ ತೊಂದರೆ ಆಯ್ತಾ?"

"ಆಗದೆ ಇರುತ್ತಾ? ನನ್ನ ಹೆಂಡತಿಗಂತೂ ನಿದ್ದೇನೇ ಇಲ್ಲ."

"ತಲೆಸುತ್ತು?"

"ಸಂಕಟ ಸ್ವಾಮಿ, ಮನಸ್ಸಿನ ಸಂಕಟ."

"ನನಗೂ ಅದೇ ಆಗಿರೋದು! ಕ್ಯಾನ್ಸಲ್ ಮಾಡು ಅಂತ ನಾನೇ ಆರ್ಡರ್ ಕೊಟ್ಟು ವಾರ ಆಯ್ತು. ಆ ಮಹಾರಾಯ ಮಾಡ್ತಿಲ್ಲ. ಒಂದು ಕಡೆ ತಡೆದ್ರೆ ಇನ್ನೊಂದು ಕಡೆಯಿಂದ ಹೊರಡುತ್ತೆ ಅಂತಾನೆ."

ಟೈಲರ್ ಕಣ್ಣರಳಿಸಿದ. "ಅಂದ್ರೆ... ಅವನೇ ಬೇಕು ಅಂತಿದಾನಾ?"

"ಬೇಕು ಅನ್ನೋದೇನು, ಮೋಹ ಕಣ್ರೀ ಅವನಿಗೆ! ಸರ್ರಂತ ಎಡಗಡೆ ಹೋಗಬೇಕಂತೆ, ಗಿರ್ರಂತ ತಿರುಗಬೇಕಂತೆ."

"ಗಿರ್ರಂತ ಯಾಕೆ ಸಾರ್?"

"ನನ್ನನ್ನೇನು ಕೇಳ್ತೀರಿ? ಅವನನ್ನೇ ಕೇಳಿ!"

ಟೈಲರಿಗೆ ಮುಖಕ್ಕೆ ಹೊಡೆದ ಹಾಗಾಯಿತು. "ಬನ್ನಿ ಮೇಷ್ಟ್ರೇ. ಹೋಗೋಕೆ ಕುಣೀತಿರೋನನ್ನ ಹಗ್ಗ ಹಾಕಿ ಕಟ್ಟೋಕಾಗುತ್ತಾ?" ಎಂದು ಎದ್ದು ದಡದಡ ಹೊರಗೆ ನಡೆದ. ಮೇಷ್ಟ್ರು ಏಳಲಿಲ್ಲ. ಮುಂದೆ ಬಾಗಿ ಸಾಹೇಬರನ್ನು ಏನೋ ಕೇಳಿದರು. ಸಾಹೇಬರು ಕಂಪ್ಯೂಟರಿನ ಕಡೆ ಕೈ ತೋರಿಸಿ ಏನೋ ಹೇಳಿದರು. ಫ್ಯಾನಿನ ಗಡಗಡ ಸದ್ದಿನಲ್ಲಿ ಸೈಟಣ್ಣನಿಗೆ ಒಂದಕ್ಷರವೂ ಕೇಳಿಸಲಿಲ್ಲ. ಮೇಷ್ಟ್ರು ಕನ್ನಡಕ ಒರೆಸಿಕೊಂಡು ನಿಧಾನವಾಗಿ ಹೊರಟುಹೋದರು.

ತನಗೋಸ್ಕರ ಇಬ್ಬರು ಇಸ್ತ್ರಿ ಬಟ್ಟೆ ಹಾಕಿಕೊಂಡು ಬಂದಿದ್ದರು. ಸೈಟಣ್ಣ ಎರಡನೆಯ ಗಂಟಿನಲ್ಲೂ 'ಬೇಡ' ಎಂದು ಬರೆದ. ಕೊಡೆಯ ಪುಟ ಒತ್ತಿ ನೋಡಿದ. ಕೊಡೆ ಇತ್ತು; ಮರುಕ್ಷಣ ಕೊಡೆ ಇರಲಿಲ್ಲ, ಡಬ್ಬಿ ಇತ್ತು. ಹಾರಾಟವಿಲ್ಲ, ತೇಲಾಟವಿಲ್ಲ. ಸಾಹೇಬರು ಬಂದು ನೋಡಿ, "ಹಾಂ, ಈಗ ಸೈಟು ಸೈಟಿನ ಹಾಗಿದೆ" ಎಂದರು. ಅಷ್ಟು ವರ್ಷಗಳಲ್ಲಿ ಅವನ ಸೈಟಿಗೆ ಸಿಕ್ಕ ಮೊದಲ ಹೊಗಳಿಕೆ ಅದು. ಏನನ್ನೂ ಮಾಡದೆ ಇದ್ದದ್ದಕ್ಕೆ ಸಿಕ್ಕಿದ್ದು.

ಸಂಜೆ ಮೇಷ್ಟ್ರಮ್ಮನ ಕಣ್ಣು ಕೆಂಪಾಗಿತ್ತು. "ಸಾಹೇಬ್ರೇ ಬೇಡ ಅಂದ್ರೂ ನೀನೇ ಹೋಗ್ತಿದೀಯಂತೆ. ನಮ್ಮ ಮೇಲೇನಾದ್ರೂ ಬೇಜಾರೇನಪ್ಪಾ?"

ಸತ್ಯ ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ. ಸೈಟಣ್ಣ ಬಾಯಿ ತೆರೆದ. ಹಿಂದೆ ಮೇಷ್ಟ್ರು ನಿಂತಿದ್ದರು. ಅವರು ಹೆಂಡತಿಗೆ ಕಾಣದ ಹಾಗೆ, ಬೇಡ ಎಂಬಂತೆ ತಲೆಯಾಡಿಸಿದರೋ ಅಥವಾ ಕತ್ತು ಹಿಡಿದುಕೊಂಡಿತ್ತೋ ಗೊತ್ತಾಗಲಿಲ್ಲ. ಸೈಟಣ್ಣ ಬಾಯಿ ಮುಚ್ಚಿದ.

ಈಗ ದಾರಿ ಒಂದೇ. ಮನೆ ಇನ್ನೊಬ್ಬರದಾಗಿತ್ತು. ಅದೇ ಊರಲ್ಲಿ, ಸಿಟಿ ಬಸ್ಸಿನಲ್ಲಿ ಕೆಲವೇ ಸ್ಟಾಪಿನಾಚೆ, ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆ ಹಿಡಿದ. ಬೀರು, ಮೇಜು ಯಾವುದೂ ಅಲ್ಲಿಗೆ ಹತ್ತುವ ಹಾಗಿರಲಿಲ್ಲ. ಬೀರುವನ್ನು ಟೈಲರಿಗೆ ಕೊಟ್ಟ. ಸಿಟ್ಟಿನಲ್ಲಿದ್ದ ಟೈಲರ್ ಬೀರು ಕಂಡದ್ದೇ ಕರಗಿ, ಅದನ್ನು ಅಪ್ಪಿಕೊಂಡು ಅತ್ತ. ಸೈಟಣ್ಣನನ್ನು ಅಪ್ಪಿಕೊಳ್ಳಲು ಅವನಿಗೆ ನಾಚಿಕೆಯಾಗಿರಬೇಕು.

ಹೊರಡುವ ಬೆಳಿಗ್ಗೆ ಇಡೀ ಕಟ್ಟಡ ಬಸ್ ಸ್ಟಾಪಿಗೆ ಬಂತು. ಸಿಟಿ ಬಸ್ಸಿನಲ್ಲಿ ದೊಡ್ಡ ನಿಲ್ದಾಣಕ್ಕೆ, ಅಲ್ಲಿಂದ ದೂರದ ಬಸ್ಸಿಗೆ ಎಂದು ಎಲ್ಲರೂ ತಾವೇ ತೀರ್ಮಾನಿಸಿಕೊಂಡಿದ್ದರು. ಟೈಲರ್ ಸೂಟ್‌ಕೇಸ್ ಹೊತ್ತ. ಮಾಲೀಕರು, "ಎಂಥ ಬಾಡಿಗೆದಾರ! ಒಂದು ಮೊಳೆ ಹೊಡೆದವನಲ್ಲ ಗೋಡೆಗೆ," ಎಂದು ಕಂಡವರಿಗೆಲ್ಲ ಹೇಳಿದರು. ಮೇಷ್ಟ್ರಮ್ಮ ದಾರಿಯ ಊಟ ಕಟ್ಟಿ ಕೊಟ್ಟು, "ತಲುಪಿದ ತಕ್ಷಣ ಫೋನ್ ಮಾಡು. ಹೊಸ ಜಾಗದ ನೀರು, ಕುದಿಸಿ ಕುಡಿ," ಎಂದರು. ಅದೇ ಊರಿನ ಕೊಳಾಯಿ ನೀರನ್ನು ಕುಡಿಯಲಿದ್ದ ಸೈಟಣ್ಣ "ಆಗಲಮ್ಮಾ" ಎಂದ.

"ನಿಲ್ದಾಣದ ತನಕ ಹೋಗಿ ಬಸ್ ಹತ್ತಿಸಿ ಬರ್ತೀನಿ," ಎಂದು ಮೇಷ್ಟ್ರು ಹಿಂದೆಯೇ ಹತ್ತಿದರು.

ಬೇಡ ಎನ್ನಲು ಸೈಟಣ್ಣನಿಗೆ ನೆಪ ಸಿಗಲಿಲ್ಲ. ಬಸ್ಸು ಹೊರಟಿತು, ಬೀಸುತ್ತಿದ್ದ ಕೈಗಳು ಹಿಂದೆ ಬಿದ್ದವು. ಹಿಟ್ಟಿನ ಗಿರಣಿಯ ಸ್ಟಾಪು ಬಂದೇಬಿಟ್ಟಿತು. ಇಳಿಯುವ ಹಾಗಿಲ್ಲ, ಕೂರುವ ಹಾಗಿಲ್ಲ. ಮೇಷ್ಟ್ರು ಕಿಟಕಿಯಿಂದ ಹೊರಗೆ ನೋಡುತ್ತಲೇ, "ನಿನ್ನ ಸ್ಟಾಪ್ ಎಲ್ಲಪ್ಪಾ? ದಾಟಿಹೋದೀತು," ಎಂದರು.

ಇಬ್ಬರೂ ಇಳಿದರು. ಸೂಟ್‌ಕೇಸ್ ನಡುವೆ ಇಟ್ಟುಕೊಂಡು ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತರು.

"ಮೇಷ್ಟ್ರೇ, ಟ್ರಾನ್ಸ್‌ಫರ್..."

"ಆಗಿಲ್ಲ. ನಿಮ್ಮ ಸಾಹೇಬ್ರನ್ನ ಕೇಳಿದೆ, ಈ ಲೈಬ್ರರಿ ಎಲ್ಲಿದೆ ಅಂತ. ಕಂಪ್ಯೂಟರ್ ತೋರಿಸಿದ್ರು."

"ಅವತ್ತೇ ಗೊತ್ತಾಯ್ತಾ? ಮತ್ತೆ ಯಾಕೆ ಸುಮ್ಮನಿದ್ರಿ?"

ಮೇಷ್ಟ್ರು ಕನ್ನಡಕ ತೆಗೆದರು, ಒರೆಸಲಿಲ್ಲ, ಹಾಗೇ ಹಿಡಿದುಕೊಂಡರು. "ನಾನೂ ಅವಳೂ ಮಾತಾಡೋದು ನಿಂತು ಎಷ್ಟು ವರ್ಷ ಆಗಿತ್ತು ಅಂತ ನಿನಗೆ ಗೊತ್ತಿಲ್ಲ. ಜಗಳ ಅಲ್ಲ. ಮಾತು ಮುಗಿದಿತ್ತು, ಅಷ್ಟೇ. ನೀನು ಹೋಗ್ತೀಯ ಅಂತ ಗೊತ್ತಾದ ಮೇಲೆ ಶುರುವಾಯ್ತು ನೋಡು. ಅವನಿಗೇನು ಇಷ್ಟ, ಅಲ್ಲಿ ಊಟಕ್ಕೇನು ಮಾಡ್ತಾನೆ, ಯಾರೂ ಇಲ್ಲ ಪಾಪ... ಒಂದು ರಾತ್ರಿಯಂತೂ ಲೈಬ್ರರಿಯಲ್ಲಿ ಸಿಗೋ ಸಂಬಳ ಸಾಕಾಗುತ್ತಾ ಅಂತ ಇಬ್ಬರೂ ವಾದ ಮಾಡಿದ್ವಿ. ನಿಜ ಹೇಳಿಬಿಟ್ರೆ ಮರುದಿನದಿಂದ ಮತ್ತೆ ಗಡಿಯಾರದ ಟಿಕ್ ಟಿಕ್. ನಿನ್ನ ಮನೆ ಹೋಗುತ್ತೆ ಅಂತ ಗೊತ್ತಿದ್ದೂ ಸುಮ್ಮನಿದ್ದೆ. ತಪ್ಪಾಯ್ತು ಕಣಪ್ಪಾ."

ಸೈಟಣ್ಣನಿಗೆ ಸಿಟ್ಟು ಬರಬೇಕಿತ್ತು. ಹುಡುಕಿ ನೋಡಿದ, ಸಿಗಲಿಲ್ಲ. ಊಟದ ಕಟ್ಟು ಬಿಚ್ಚಿದ. ಇಬ್ಬರಿಗಾಗುವಷ್ಟಿತ್ತು. ಗಿರಣಿಯ ಹಿಟ್ಟಿನ ಧೂಳು ಹಾರಿ ಬಂದು ಮೇಷ್ಟ್ರ ಹುಬ್ಬಿನ ಮೇಲೆ ಕೂರುತ್ತಿತ್ತು. ಇಬ್ಬರೂ ಅಲ್ಲೇ ಊಟ ಮುಗಿಸಿದರು.

ವಾಪಸು ಹೋಗುವ ಬಸ್ಸು ಕಾಣಿಸಿತು. ಮೇಷ್ಟ್ರು ಎದ್ದು ಕೈ ಒರೆಸಿಕೊಂಡರು, ಎರಡು ಹೆಜ್ಜೆ ಹೋಗಿ ತಿರುಗಿ ನಿಂತರು.

"ಹೋದ ತಕ್ಷಣ ಕೇಳ್ತಾಳೆ, ಬಸ್ಸಲ್ಲಿ ಅವನಿಗೆ ಸೀಟು ಸಿಕ್ತಾ ಅಂತ. ಏನು ಹೇಳಲಿ?"

ಸೈಟಣ್ಣ ಸೂಟ್‌ಕೇಸ್ ಎತ್ತಿಕೊಂಡ.

"ಕಿಟಕಿ ಪಕ್ಕ ಸಿಕ್ತು ಅಂತ ಹೇಳಿ."